ಉಪ್ಪು ಬಿದ್ದ ಜ್ವಾಲೆ

ಅಪ್ಪ ಇಲ್ಲಿನ ರಕ್ಷಣಾ ಕಾರ್ಖಾನೆಯಲ್ಲಿ ಎಲೆಕ್ಟ್ರಾನಿಕ್ಸ್ ಕೆಲಸ ಮಾಡಿ ನಿವೃತ್ತರಾದವರು. ತಾರ್ನಾಕದ ಮನೆಯಲ್ಲಿ ಕೈಕಟ್ಟಿ ಕೂರುವುದು ಅವರ ಜಾಯಮಾನವಲ್ಲ. ನಾನು ನಾರಾಯಣಗೂಡದ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಹುಡುಗಿಯರಿಗೆ ತೋರಿಸಲು, ಬೆಂಕಿಯೇ ದನಿ ಮಾಡುವ ಸ್ಪೀಕರ್ ಕಟ್ಟಿಕೊಡಿ ಎಂದು ಅವರನ್ನು ಕೇಳಿದ್ದು ನಾನೇ. ಯಾಕಾದರೂ ಕೇಳಿದೆನೋ ಎಂದು ಎಂಟೇ ದಿನಕ್ಕೆ ಅನ್ನಿಸಿತು.

ಗ್ಯಾಸ್ ಬರ್ನರ್‌ನ ಜ್ವಾಲೆಯಲ್ಲಿ ಎರಡು ಉಕ್ಕಿನ ಕಡ್ಡಿ. ಅವಕ್ಕೆ ಭಾರೀ ವೋಲ್ಟೇಜು, ಅದರೊಂದಿಗೆ ಅಪ್ಪನ ಮೊಬೈಲಿನಿಂದ ಯಾವುದೋ ಹಾಡು. ವೈರಿಂಗ್ ಎಲ್ಲ ಸರಿಯಿತ್ತು. ಜ್ವಾಲೆ ಮಾತ್ರ ತುಟಿಪಿಟಕ್ಕೆನ್ನಲಿಲ್ಲ. ಬಿಚ್ಚಿದರು, ಬೆಸೆದರು, ಮತ್ತೆ ಬಿಚ್ಚಿದರು. ಎಂಟನೆಯ ಸಂಜೆ ಅಂಗೈಗಳನ್ನೇ ನೋಡಿಕೊಳ್ಳುತ್ತ, "ಕೈ ಹೋದ್ವು ಬಿಡವಾ. ಇನ್ನ ನನ್ನಿಂದ ಏನೂ ಆಗಂಗಿಲ್ಲ," ಎಂದರು. ಅಂಥ ಮಾತನ್ನು ಅವರ ಬಾಯಲ್ಲಿ ನಾನು ಎಂದೂ ಕೇಳಿರಲಿಲ್ಲ.

ಅವ್ವನಿಗೆ ಕಾರಣ ಎಂದೋ ಗೊತ್ತಾಗಿತ್ತು. "ಯಾರ್ದೋ ನೆದರ ಬಿದ್ದೈತ್ರಿ ನಿಮಗ," ಎನ್ನುತ್ತ ಹಿಡಿ ಉಪ್ಪು ತಂದು ಅಪ್ಪನ ತಲೆಯ ಸುತ್ತ ಮೂರು ಸಲ ನಿವಾಳಿಸಿದಳು. ದೃಷ್ಟಿ ಗಿಷ್ಟಿ ಎಂದರೆ ಉರಿದುಬೀಳುವ ಅಪ್ಪ ಅಂದು ಸುಮ್ಮನೆ ಕೂತಿದ್ದರು. ನಿವಾಳಿಸಿದ ಉಪ್ಪು ಬೆಂಕಿಗೆ ಬೀಳಬೇಕು. ಎದುರಿಗೇ ಬೆಂಕಿ ಇರುವಾಗ ಅಡುಗೆಮನೆಯವರೆಗೆ ಯಾಕೆ ನಡೆಯಬೇಕು?

"ಅವ್ವಾ, ಕರೆಂಟ್!" ಎಂದು ನಾನು ಕಿರುಚುವಷ್ಟರಲ್ಲಿ ಎಸೆದೇಬಿಟ್ಟಳು.

ಚಟಪಟ ಸಿಡಿದು ನೀಲಿ ಜ್ವಾಲೆ ಹಳದಿಯಾಯಿತು. ಹಾಡತೊಡಗಿತು.

ಸಣ್ಣ ದನಿ, ಆದರೆ ಒಂದೊಂದು ಅಕ್ಷರವೂ ಸ್ಪಷ್ಟ. ಮಾಮೂಲಿ ಸ್ಪೀಕರಿನಂತೆ ಅದುರಲು ಕಾಗದದ ತೆರೆಯಿಲ್ಲ, ಅಯಸ್ಕಾಂತವಿಲ್ಲ. ಉಪ್ಪು ಜ್ವಾಲೆಯೊಳಗೆ ಕರೆಂಟಿಗೆ ದಾರಿ ಮಾಡಿಕೊಟ್ಟಿತ್ತು. ಹಾಡಿನಂತೆಯೇ ಕರೆಂಟು ಏರಿಳಿಯುತ್ತ, ಜ್ವಾಲೆಯ ಕಾವು ಹೆಚ್ಚುಕಡಿಮೆಯಾಗುತ್ತ, ಅಲ್ಲಿಯ ಗಾಳಿ ಹಿಗ್ಗಿ ಕುಗ್ಗುತ್ತಿತ್ತು. ಆ ಹಿಗ್ಗುಕುಗ್ಗೇ ದನಿ. ವರ್ಷ ವರ್ಷವೂ ಬೋರ್ಡಿನ ಮೇಲೆ ಇದನ್ನೇ ಬರೆಯುವ ನನಗೆ ಮೈಯೆಲ್ಲ ಜುಮ್ಮೆಂದು ಕಣ್ಣು ತುಂಬಿತು.

ಅವ್ವ ಬಗ್ಗಿ ಕೇಳಿಸಿಕೊಂಡು ಹೌಹಾರಿದಳು. "ಅಯ್ಯ, ಇದು ನನ್ನ ದನಿ!"

ನನ್ನ ತಂಗಿಯ ಮದುವೆಯಲ್ಲಿ ಅವ್ವ ಹೇಳಿದ್ದ ಸೋಬಾನೆ ಪದ ಅದು. ಅಪ್ಪ ಯಾರಿಗೂ ತಿಳಿಸದೆ ಅದನ್ನು ಮೊಬೈಲಿನಲ್ಲಿ ಇಟ್ಟುಕೊಂಡಿದ್ದರು.

"ಬ್ಯಾರೆ ಹಾಡು ಸಿಗಲಿಲ್ಲೇನ್ರಿ ನಿಮಗ?" ಎಂದಳು.

ಉಪ್ಪು ತೀರಿ ಜ್ವಾಲೆ ಮತ್ತೆ ನೀಲಿಯಾಯಿತು. ಪದ ಅರ್ಧಕ್ಕೇ ನಿಂತಿತು. ಅಪ್ಪ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, ತಲೆ ಬಗ್ಗಿಸಿ ಕೂತರು.

"ಇನ್ನೊಮ್ಮೆ ನೆದರ ತಗಿ," ಎಂದರು. "ಈ ಸಲ ದೂರ ನಿಂತು ಒಗಿ."