ಟೀವಿಯೊಳಗೆ ಕೂತ ಹುಡುಗ

ಶಿಡ್ಲಘಟ್ಟದ ಹತ್ತಿರದ ಹಳ್ಳಿಗೆ ನಾನು ಸೊಸೆಯಾಗಿ ಹೋದಾಗ ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮರ್ಯಾದೆ ಇದ್ದದ್ದು ರೇಷ್ಮೆಹುಳುಗಳಿಗೆ. ಅವಕ್ಕೆ ಸೊಪ್ಪು ಹಾಕಿದ ಮೇಲೆ ನಮಗೆ ಊಟ. ಅವಕ್ಕೆ ವಾಸನೆ ಬಡೀಬಾರದು ಅಂತ ನಮ್ಮ ಒಗ್ಗರಣೆ ಹಿತ್ತಲಲ್ಲಿ. ಇರಲಿ, ಹುಳದಿಂದಲೇ ಅನ್ನ. ನನಗಿದ್ದ ಸಂಕಟ ಒಂದೇ. ವರ್ಷವಾಗ್ತಾ ಬಂದರೂ ಅತ್ತೆ ಒಂದು ಸಲವೂ ನನಗೆ ‘ಕೂತ್ಕೊಳ್ಳಮ್ಮ’ ಅಂದಿರಲಿಲ್ಲ. ಬೈದವರೂ ಅಲ್ಲ. ಬೈದಿದ್ರೆ ಜಗಳನಾದ್ರೂ ಆಡಬಹುದಿತ್ತು.

ಆಗ ಚಿಕ್ಕಬಳ್ಳಾಪುರದಲ್ಲಿ ಓದುತ್ತಿದ್ದ ಮೈದುನ ಟೀವಿಗೆ ಸಿಕ್ಕಿಸೋ ವಿಡಿಯೋ ಗೇಮು ತಂದ. ಒಬ್ಬ ಹುಡುಗನ್ನ ಗೋಡೆ ಹತ್ತಿಸಿ, ಹಳ್ಳ ಹಾರಿಸಿ, ಕೊನೆಗೆ ಅವನ ಕೈಲಿ ರಾಕ್ಷಸನ್ನ ಕೊಲ್ಲಿಸಬೇಕು. ಅಬ್ಬಬ್ಬ, ಏನು ಚಿತ್ರ ಅಂತೀರಿ! ಓಡಿದರೆ ಹೆಗಲ ಮೇಲಿನ ಟವೆಲ್ಲು ಹಿಂದೆ ಹಾರೋದು. ನೀರಿಂದ ಎದ್ದರೆ ತಲೆ ಒದರಿಕೊಳ್ಳೋನು. ಮಧ್ಯಾಹ್ನ ಹುಳಕ್ಕೆ ಸೊಪ್ಪು ಹಾಕಿ ಬಂದು ನಾನೂ ಗುಂಡಿ ಒತ್ತುತ್ತಿದ್ದೆ, ನಿಂತುಕೊಂಡೇ.

ಒಂದು ದಿನ ಸೆರಗು ಸರಿ ಮಾಡಿಕೊಳ್ಳೋಕೆ ಗುಂಡಿ ಬಿಟ್ಟೆ. ಆ ಹುಡುಗ ಬೆವರು ಒರೆಸಿಕೊಂಡ, ನಮ್ಮ ಕಡೆ ನೋಡಿದ, ಆಕಳಿಸಿದ. ಆಮೇಲೆ ಕುಕ್ಕರಗಾಲಲ್ಲಿ ಕೂತು, ತಲೆ ಎತ್ತಿ, ಅಲುಗಾಡದೆ ಇದ್ದುಬಿಟ್ಟ.

ಮೊರ ಹಿಡಿದು ಬಾಗಿಲಲ್ಲಿ ನಿಂತಿದ್ದ ಅತ್ತೆ ಕೂಗಿದರು. ‘ಅಯ್ಯೋ ಪಾಪಂ! ಜ್ವರಕ್ಕೆ ಕೂತವ್ನೆ, ಮುಟ್ಬೇಡಿ ಕಣ್ರೋ.’

ಹುಳು ಪೊರೆ ಬಿಡೋಕೆ ಮುಂಚೆ ಹಾಗೇ ತಲೆ ಎತ್ತಿ ಕಲ್ಲಾಗಿ ಕೂರುತ್ತೆ. ನಮ್ಮ ಕಡೆ ಅದಕ್ಕೆ ಜ್ವರ ಅಂತಾರೆ. ಆಗ ಸೊಪ್ಪು ಹಾಕೋ ಹಾಗಿಲ್ಲ, ಮುಟ್ಟೋ ಹಾಗಿಲ್ಲ. ಆ ಕಾನೂನು ಈಗ ಟೀವಿಗೂ ಬಂತು. ಹುಡುಗ ಕೂತರೆ ಅವನಾಗಿ ಏಳಬೇಕು. ಗುಂಡಿ ಒತ್ತದೆ ಅವನು ತಾನಾಗಿ ಏಳೋ ಪೈಕಿ ಅಲ್ಲ. ಮೈದುನ ತಲೆ ಚಚ್ಚಿಕೊಂಡ. ಅತ್ತೆ ಹೋಗ್ತಾ ಬರ್ತಾ ನೋಡಿ ಸಮಾಧಾನ ಪಡೋರು. ಕರೆಂಟು ಹೋದರೆ ಆಟ ಮೊದಲಿಂದ. ನಮ್ಮ ಮನೇಲಿ ಆ ರಾಕ್ಷಸ ಕೊನೇವರೆಗೂ ಕ್ಷೇಮವಾಗಿದ್ದ.

ಸುಳ್ಳು ಯಾಕೆ ಹೇಳಲಿ, ನನಗೆ ಹೊಟ್ಟೆ ಉರೀತು. ಗಾಜಿನೊಳಗಿರೋ ಬೊಂಬೆ ಕೂತರೆ ಪಾಪ ಅಂತೆ. ನಾನೇನು ಕಬ್ಬಿಣದಲ್ಲಿ ಮಾಡಿದವಳಾ?

ನಾಲ್ಕನೇ ಜ್ವರ ಎದ್ದ ಹುಳುಗಳು ತಿನ್ನೋಕೆ ಶುರು ಮಾಡಿದವು ಅಂದ್ರೆ ಮನೆಯೋರು ಉಸಿರು ಬಿಡೋ ಹಾಗಿಲ್ಲ. ಸೊಪ್ಪು ತರೋದು, ಹಾಕೋದು, ಮತ್ತೆ ತರೋದು. ಅಂಥ ಒಂದು ಮಧ್ಯಾಹ್ನ ಸೊಪ್ಪಿನ ಹೊರೆ ಪಕ್ಕ ಕೂತುಬಿಟ್ಟೆ. ಬೇಕಂತ ಅಲ್ಲ, ಕಾಲು ಮಾತು ಕೇಳಲಿಲ್ಲ. ಗೋಡೆಗೆ ತಲೆ ಒರಗಿಸಿ ಕಣ್ಣು ಮುಚ್ಚಿದೆ. ಗಂಡ ಬಂದು ‘ಸೊಪ್ಪು ಎಲ್ಲಿ?’ ಅಂತ ಭುಜಕ್ಕೆ ಕೈ ಹಾಕಿದರು.

‘ಏಯ್, ಮುಟ್ಬೇಡ್ವೋ ಅವಳ್ನ.’ ಅತ್ತೆ ದನಿ. ‘ಕೂತವ್ಳೆ. ಅವಳಾಗಿ ಏಳ್ಲಿ.’

ಆಮೇಲೆ ನನ್ನ ಪಕ್ಕದ ಹೊರೆ ಎತ್ತುವಾಗ ಬಳೆ ಸದ್ದಾಯ್ತು. ಅತ್ತೆಯೇ ಎತ್ತಿದ್ದು.

ನನಗೆ ಪೂರಾ ಎಚ್ಚರ ಇತ್ತು. ಏಳಲಿಲ್ಲ.