ಹೊಸ ಜಲ್ಲಿಯ ಮೇಲೆ ಜಟಕಾ

ಅಕ್ಕನ ಕೈ ಹಿಡಿದು ಜಲ್ಲಿಯ ಮೇಲೆ ನಡೆದೆ ಎಂದು ನಾನು ಹಲವರಿಗೆ ಹೇಳಿದ್ದೇನೆ. ಈಗ ಬರೆಯಲು ಕೂತರೆ ನನಗೇ ನಂಬಿಕೆ ಬರುತ್ತಿಲ್ಲ.

ನಲವತ್ತರ ದಶಕದ ಕೊನೆ. ಮದರಾಸಿನ ಕಾಲೇಜಿನಿಂದ ರಜೆಗೆ ಕುರುಗೋಡಿಗೆ ಬಂದಿದ್ದೆ. ಅಕ್ಕನಿಗೆ ದಿನ ತುಂಬಿ, ಬೆಳಿಗ್ಗೆ ನೋವು ಶುರುವಾಯಿತು. ಮೊದಲ ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಈ ಸಲ ಬಳ್ಳಾರಿ ಆಸ್ಪತ್ರೆಯೇ ಆಗಬೇಕೆಂದು ಅವ್ವ ಹಟ ಹಿಡಿದಳು. ಅವಳಿಗೆ ಮೊಣಕಾಲು ಬಾತು ಏಳಲಾಗುತ್ತಿರಲಿಲ್ಲ. ಜಟಕಾದಲ್ಲಿ ಹೊರಟವರು ಅಕ್ಕ ಮತ್ತು ನಾನು. ಹಿಂದೆ ಹಾಸಿಗೆ ಸುರುಳಿ, ಒಂದು ಅಕ್ಕಿ ಚೀಲ.

ಜಟಕಾ ಎಂದರೆ ತೂಕದ ಆಟ. ಹಿಂದೆ ಭಾರವಾದರೆ ಕುದುರೆ ಕಟ್ಟುವ ಮುಂದಿನ ಮರದ ದಂಡಗಳು ಮೇಲೆದ್ದು ಹೊಟ್ಟೆಪಟ್ಟಿ ಕುದುರೆಯ ಉಸಿರು ಕಟ್ಟಿಸುತ್ತದೆ. ಮೈಲಿಗೊಮ್ಮೆ ಗಾಡಿಯ ಸಾಬರು "ಮುಂದ ಸರೀರಿ" ಎನ್ನುವುದು, ನಾವು ಸರಿಯುವುದು.

ಅರ್ಧ ದಾರಿಯಲ್ಲಿ ರಸ್ತೆ ಕೆಲಸ. ಜಲ್ಲಿ ಹರವಿದ್ದರು, ರೋಲರ್ ಇನ್ನೂ ಬಂದಿರಲಿಲ್ಲ. ಎರಡೂ ಬದಿಗೆ ಮಳೆಯಲ್ಲಿ ನೆನೆದ ಎರೆಮಣ್ಣು. ಅಲ್ಲಿಗೆ ಗಾಡಿ ಇಳಿಸಿದರೆ ಗಾಲಿ ಹೂತುಹೋಗುತ್ತಿತ್ತು. ಕುದುರೆ ಜಲ್ಲಿಯ ಮೇಲೆ ನಾಲ್ಕು ಹೆಜ್ಜೆ ಹಾಕಿ ನಿಂತಿತು.

"ಇಳೀರಿ. ಇದರ ಕಾಲು ಮುರದ್ರ ನನ್ನ ಮನಿ ಮುಳುಗ್ತೈತಿ," ಎಂದರು ಸಾಬರು.

ಜಲ್ಲಿ ಹರವುತ್ತಿದ್ದ ಹೆಂಗಸೊಬ್ಬಳು ಬುಟ್ಟಿ ಕೆಳಗಿಟ್ಟಳು. "ಬ್ಯಾನಿ ತಿನ್ನಾಕಿನ್ನ ಇಳಸ್ತಿಯೇನೋ ಸಾಬಾ?"

"ಹಂಗಾರ ನೀನ ಎಳಿ ಬಾ, ಕುದುರಿ ಬಿಚ್ತೀನಿ."

ಅಕ್ಕ ಇಳಿದಳು. ಸಾಬರೂ ಇಳಿದು ಲಗಾಮು ಹಿಡಿದರು. ಮುಂದಿನ ತೂಕ ಹೋದದ್ದೇ ಗಾಡಿ ಹಿಂದಕ್ಕೆ ವಾಲಿತು. "ಯಾರರ ಮುಂದ ಕುಂದರಬೇಕ್ರಿ," ಎಂದರು.

ಇಲ್ಲಿಂದ ನನ್ನ ನೆನಪು ಎರಡಾಗುತ್ತದೆ. ಒಂದರಲ್ಲಿ ನಾನು ಇಳಿದು ಅಕ್ಕನ ಕೈ ಹಿಡಿಯುತ್ತೇನೆ. ನೋವು ಬಂದಾಗ ಅವಳ ಬೆರಳುಗಳು ಬಿಗಿಯುತ್ತವೆ. ಇನ್ನೊಂದರಲ್ಲಿ ಕುದುರೆಯ ಎರಡು ಕಿವಿಗಳ ನಡುವೆ ಅಕ್ಕನ ಬೆನ್ನು ಕಾಣುತ್ತದೆ. ಹಾಗೆ ಕಾಣಬೇಕಾದರೆ ಗಾಡಿಯಲ್ಲಿ ಕೂತಿರಬೇಕು.

ಕೆಲವು ವರ್ಷಗಳ ಮೇಲೆ ಸಿರುಗುಪ್ಪದಿಂದ ಬಳ್ಳಾರಿಗೆ ಬಸ್ಸಿನಲ್ಲಿ ಅದೇ ದಾರಿ ಹಿಡಿದಿದ್ದೆವು. ಡಾಂಬರು ಬಿದ್ದಿತ್ತು. ಜಟಕಾದಲ್ಲಿ ಹೋದ ದಿನ ಸಂಜೆ ಆಸ್ಪತ್ರೆಯಲ್ಲಿ ಹುಟ್ಟಿದ ಹುಡುಗಿ ಅಕ್ಕನ ತೊಡೆಯ ಮೇಲೆ ನಿದ್ದೆಹೋಗಿದ್ದಳು. ಅಂದು ಜಲ್ಲಿ ಹರವಿದ್ದ ಜಾಗ ಯಾವುದೆಂದು ಅಕ್ಕನನ್ನು ಕೇಳಿದೆ.

"ಈಗ ಹೋತಲ್ಲ."

ಅವಳ ಕೈ ಹಿಡಿದು ನಾನು ನಡೆದೆನೆಂಬ ಕಥೆ ಹೇಳಿದೆ. ಅವಳು ಪೂರ್ತಿ ಕೇಳಿದಳು.

"ನೀ ಇಳೀಲಿಲ್ಲಲೇ. ಕೈ ಹಿಡದಾಕಿ ಆ ಜಲ್ಲಿ ಹೆಣ್ಮಗಳು. ಆಕಿ ಅಂಗೈ ಕಲ್ಲಿನಂಗ ಇತ್ತು."

"ಗಾಡಿಗೆ ತೂಕ ಬೇಕಿತ್ತಲ್ಲ."

"ಅಕ್ಕಿ ಚೀಲ ಇತ್ತು. ಮುಂದಕ್ಕ ಎಳದಿದ್ರ ಆಗ್ತಿತ್ತು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಅದಾದ ಮೇಲೂ ನಾನು ಕಥೆಯನ್ನು ಹಳೆಯ ರೀತಿಯಲ್ಲೇ ಇಬ್ಬರಿಗೆ ಹೇಳಿದ್ದೇನೆ.