ನಾನು ತೆಗೆದ ಬಾಗಿಲು

ಹೊಸಪೇಟೆ ಬಸ್ ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಮೊನ್ನೆ ಆಧಾರ್ ಕಾರ್ಡಿನ ಪ್ರತಿ ತೆಗೆಸುತ್ತಿದ್ದೆ. ಬಿಸಿ ಹಾಳೆಯ ವಾಸನೆ ಮೂಗಿಗೆ ತಾಗಿದ್ದೇ ತಡ, ನಗು ಬಂದುಬಿಟ್ಟಿತು. ನನ್ನ ಫೋಟೋ ನೋಡಿ ನಾನೇ ನಗುತ್ತಿದ್ದೇನೆ ಎಂದುಕೊಂಡನೇನೋ ಅಂಗಡಿಯವನು. ಫೋಟೋವೂ ಹಾಗೇ ಇದೆ ಬಿಡಿ. ಆದರೆ ನೆನಪಾದದ್ದು ನನ್ನ ಕಾಲೇಜು.

ಹೌದು, ನಾನೂ ಕಾಲೇಜಿಗೆ ಹೋದವಳೇ. ಮದುವೆಗೆ ಮುಂಚೆ ಅಲ್ಲ, ಮಗಳು ಹೈಸ್ಕೂಲು ಸೇರಿದ ಮೇಲೆ. ಗಂಡ ಬೇಡ ಅನ್ನಲಿಲ್ಲ. ಮಧ್ಯಾಹ್ನದ ಅಡುಗೆಯನ್ನು ಅತ್ತೆ ತಾವೇ ವಹಿಸಿಕೊಂಡರು. ಕಾಲೇಜು ನಡೆದು ಹೋಗುವಷ್ಟು ಹತ್ತಿರ, ದಾರಿಯುದ್ದಕ್ಕೂ ಬೇವಿನ ನೆರಳು. ಹಂಪಿಯ ವಿರೂಪಾಕ್ಷ ದೇವರು ಕೊಟ್ಟಿದ್ದು ಒಂದೇ ಎರಡೇ!

ಕನ್ನಡದ ಮೇಷ್ಟ್ರು ಒಂದು ಕಥೆಯ ಝೆರಾಕ್ಸ್ ಹಂಚಿ, ಸಾರಾಂಶ ಬರೆದು ತನ್ನಿ ಎಂದರು. ಅದಕ್ಕೆ ಇಂಟರ್ನಲ್ ಅಂಕ. ಅದು ಬರದಿದ್ದರೆ ಆ ವರ್ಷ ಪರೀಕ್ಷೆಗೆ ಕೂರುವಂತಿಲ್ಲ. ಮುಂದಿನ ವರ್ಷದವರೆಗೆ ಮನೆಯವರ ಈ ಹುರುಪು ಉಳಿದೀತೆಂಬ ಧೈರ್ಯ ನನಗಿರಲಿಲ್ಲ.

ಕಥೆ ಚಿಕ್ಕದು. ಜಗಳವಾಡಿ ಮಾತು ಬಿಟ್ಟ ಇಬ್ಬರು ಅಕ್ಕಪಕ್ಕದ ಮನೆಯವರು. ಒಬ್ಬಳಿಗೆ ಜ್ವರ. ಇನ್ನೊಬ್ಬಳು ಒಂದು ಕೊಡ ನೀರು ತಂದು ಅವಳ ಬಾಗಿಲು ಬಡಿಯುತ್ತಾಳೆ. ಬಾಗಿಲು ತೆರೆಯುವುದಿಲ್ಲ. ಕೊಡವನ್ನು ಹೊಸ್ತಿಲ ಬಳಿ ಇಟ್ಟು ತಿರುಗಿ ನಡೆಯುತ್ತಾಳೆ. ಅಷ್ಟೇ.

ನೀವೇ ಹೇಳಿ, ಸಾರಾಂಶ ನನಗೆ ಹೊಸದೇ? ಶ್ರಾವಣದಲ್ಲಿ ನಮ್ಮ ಓಣಿಯ ಗುಡಿಯಲ್ಲಿ ನಡೆಯುವ ಪುರಾಣಕ್ಕೆ ಬರಲಾಗದವರಿಗೆಲ್ಲ ಮರುದಿನ ಕಥೆ ಒಪ್ಪಿಸುವವಳು ನಾನೇ. ನಮ್ಮಲ್ಲೊಂದು ಪದ್ಧತಿ: ದೀಪದ ಮುಂದೆ ಹೇಳಿದ ಕಥೆಯನ್ನು ದುಃಖದಲ್ಲಿ ನಿಲ್ಲಿಸಬಾರದು, ಒಳ್ಳೆಯದು ಹೇಳಿ ಮಂಗಳ ಹಾಡಿಯೇ ಏಳಬೇಕು. ನಾನು ಬರೆಯಲು ಕೂತದ್ದು ದೇವರ ಮನೆಯಲ್ಲಿ, ದೀಪದ ಮುಂದೆ. ಹಾಗಾಗಿ ಜ್ವರದವಳ ಕೈಲಿ ಬಾಗಿಲು ತೆಗೆಸಿದೆ. ಇಬ್ಬರನ್ನೂ ಕೂರಿಸಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಡಿಸಿದೆ. ಜ್ವರದವಳಿಗೆ ಚಟ್ನಿ ಖಾರವಾದೀತೆಂದು ಮಜ್ಜಿಗೆಯನ್ನೂ ಕೊಟ್ಟೆ. ಇದನ್ನು ಓದಿದವರ ಮನೆಯಲ್ಲಿ ಜಗಳ ಇಲ್ಲದಿರಲಿ ಎಂದು ಕೊನೆಗೆ ಫಲಶ್ರುತಿ ಬೇರೆ.

ಮೇಷ್ಟ್ರು ಮರುದಿನ ನನ್ನನ್ನು ಎಬ್ಬಿಸಿ ನಿಲ್ಲಿಸಿದರು.

“ಅಮ್ಮಾರ, ಬಾಗಿಲಾ ಯಾರು ತೆಗೆದ್ರು?”

“ನಾನ ತೆಗೆದೆ ಸರ್.”

“ಯಾಕ್ರಿ?”

“ಭಾಳ ಹೊತ್ತು ಹೊರಗ ನಿಂತಿದ್ಲಲ್ರಿ, ಪಾಪ.”

ಮಗಳಿಗಿಂತ ತುಸುವೇ ದೊಡ್ಡ ಹುಡುಗಿಯರೆಲ್ಲ ಡೆಸ್ಕಿನ ಮೇಲೆ ಬಿದ್ದು ನಕ್ಕರು. ಮೇಷ್ಟ್ರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು. ನನಗೂ ತಡೆಯಲಾಗಲಿಲ್ಲ. ನಗು ಮುಗಿದ ಮೇಲೆ, ಕಥೆಯಲ್ಲಿ ಇಲ್ಲದ್ದನ್ನು ಸಾರಾಂಶಕ್ಕೆ ತರಬಾರದು, ಸೋಮವಾರ ಮತ್ತೆ ಬರೆದು ತಂದರೆ ಅಂಕ ಎಂದರು. ಇನ್ನೊಂದು ಅವಕಾಶ! ದಾರಿಯ ಗುಡಿಗಳಿಗೆಲ್ಲ ಕೈ ಮುಗಿಯುತ್ತಲೇ ಮನೆಗೆ ಬಂದೆ.

ಅತ್ತೆಗೆ ಕಥೆಯನ್ನು ಇದ್ದಂತೆಯೇ ಹೇಳಿದೆ. ಅವರಿಗೆ ಸಿಟ್ಟೇ ಬಂತು. “ಎಂಥಾ ಹೆಂಗಸವಾ ಅಕಿ. ಏಳಾಕ ಆಗದಿದ್ರ ಒಳಗಿಂದ ಒಂದು ಮಾತರ ಆಡಬಾರದಾ? ಇದನ್ನ ದೀಪದ ಮುಂದ ಬರಿಬ್ಯಾಡ.”

ಸರಿ, ಹಾಳೆ ಎತ್ತಿಕೊಂಡು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ದೇವರಿಗೆ ಕೇಳಿಸದಷ್ಟು ದೂರ. ಕೈ ಮತ್ತೆ ಮತ್ತೆ ಆ ಬಾಗಿಲಿಗೇ ಹೋಗುತ್ತಿತ್ತು, ಎಳೆದು ತಂದೆ. ಕೊಡ ಇಟ್ಟಳು, ತಿರುಗಿ ನಡೆದಳು ಎಂದು ಬರೆದು ಪೆನ್ನು ಮುಚ್ಚಿದಾಗ ಒಂದು ಹೊಳೆಯಿತು. ನಾನು ರೊಟ್ಟಿ ಬಡಿಸಿ ಅವಳ ನೀರಿಗೆ ಕೂಲಿ ಕೊಟ್ಟುಬಿಟ್ಟಿದ್ದೆ. ಅವಳು ಏನನ್ನೂ ಕೇಳಿಯೇ ಇರಲಿಲ್ಲ.

ಅತ್ತೆಗೆ ಓದಿ ಹೇಳಿದೆ. ಅವರು ಸೊಪ್ಪು ಸೋಸುವುದನ್ನು ನಿಲ್ಲಿಸಿ, ಇನ್ನೊಮ್ಮೆ ಓದು ಎಂದರು. ಸೋಮವಾರ ಅಂಕವೂ ಬಂತು, ಆ ವರ್ಷದ ಪರೀಕ್ಷೆಯೂ ಆಯಿತು. ಹಂಪಿಗೆ ಹೋಗಿ ಕಾಯಿ ಒಡೆಸಿ ಬಂದೆ.

ಮೊನ್ನೆ ಝೆರಾಕ್ಸ್ ಹಿಡಿದು ಬಂದ ಸಂಜೆಯೇ ಶ್ರಾವಣದ ಪುರಾಣಕ್ಕೆಂದು ಅತ್ತೆಯೊಡನೆ ಗುಡಿಗೆ ಹೋದರೆ, ಕಂಪ್ಲಿಯಿಂದ ಬರಬೇಕಿದ್ದ ಪುರಾಣ ಹೇಳುವವರಿಗೆ ಬಸ್ಸು ಸಿಕ್ಕಿರಲಿಲ್ಲ. ದೀಪ ಹಚ್ಚಿಯಾಗಿತ್ತು, ಹೆಂಗಸರು ನನ್ನ ಕಡೆ ನೋಡಿದರು. ಅತ್ತೆ ಮೊಣಕೈಯಿಂದ ತಿವಿದರು.

“ಆ ನೀರಿನ ಕೊಡದ್ದು ಹೇಳು. ಬಾಗಿಲಾ ಮಾತ್ರ ತೆಗಿಬ್ಯಾಡ.”

ದೀಪದ ಮುಂದೆಯೇ ಹೇಳಿದೆ. ರೊಟ್ಟಿ ನಾಲಿಗೆಯ ತುದಿಯವರೆಗೂ ಬಂದಿತ್ತು, ನುಂಗಿಕೊಂಡೆ. ಅವಳು ತಿರುಗಿ ನಡೆದಳು ಎಂದಲ್ಲಿಗೇ ನಿಲ್ಲಿಸಿದೆ. ಆಮೇಲೆ ಅತ್ತೆಯೇ ಮಂಗಳ ಎತ್ತಿಕೊಂಡರು.